ರತ್ನಳ ಕಿವಿಯ ಕೆಳಗಿನ ಸದ್ದು

ಹೋದ ತಿಂಗಳು ಮಂಡಿನೋವು ತೋರಿಸಲು ಆಸ್ಪತ್ರೆಗೆ ಹೋದವಳು ದಾರಿ ತಪ್ಪಿ ಲ್ಯಾಬಿನ ಕಡೆಗೆ ಹೋಗಿಬಿಟ್ಟೆ. ಯಾರೋ ಒಳಗಿನಿಂದ ಬಾಗಿಲು ತೆಗೆದರು. ಫಾರ್ಮಾಲಿನ್ ಘಾಟು ಮೂಗಿಗೆ ಅಡರಿ ಕಣ್ಣಲ್ಲಿ ನೀರು ಬಂತು. ಜೀವಮಾನವೆಲ್ಲ ನರ್ಸ್ ಕೆಲಸ ಮಾಡಿದವಳಿಗೆ ಆ ಘಾಟು ಯಾವುದಾದರೂ ಆಸ್ಪತ್ರೆಯನ್ನು ನೆನಪಿಸಬೇಕಿತ್ತು. ನನಗೆ ನೆನಪಾದದ್ದು ಹುಳುಮನೆ. ಕೂಟಗಲ್ ಹೋಬಳಿಯಲ್ಲಿ ನಾನು ಕೆಲಸಕ್ಕಿದ್ದ ಊರಿನಲ್ಲಿ ಒಂದೊಂದು ಬೆಳೆಗೂ ಮುಂಚೆ, ರೋಗ ತಗುಲದಿರಲೆಂದು, ರೇಷ್ಮೆಹುಳು ಸಾಕುವ ಕೋಣೆಗೆ ಫಾರ್ಮಾಲಿನ್ ಹೊಡೆದು, ಕಿಟಕಿ ಬಾಗಿಲುಗಳ ಸಂದಿಗೆ ಹಳೇ ಪೇಪರು ಅಂಟಿಸಿ ಮುಚ್ಚಿಡುತ್ತಿದ್ದರು. ಪಕ್ಕದ ಮನೆಯ ಸಾಕಮ್ಮನ ಹುಳುಮನೆಗೂ ನಾನು ಬಾಡಿಗೆಗಿದ್ದ ಕೋಣೆಗೂ ನಡುವೆ ಒಂದೇ ಗೋಡೆ. ಅವರು ಅಲ್ಲಿ ಹೊಡೆದರೆ ಇಲ್ಲಿ ನನ್ನ ಕಣ್ಣು ಉರಿಯುತ್ತಿತ್ತು. ಲ್ಯಾಬಿನ ಬಾಗಿಲಲ್ಲಿ ನಿಂತ ಹಾಗೇ ಆ ಒಂದು ವರ್ಷ ಪೂರ್ತಿ ಎದುರಿಗೆ ಬಂದು ನಿಂತುಬಿಟ್ಟಿತು. ಮನೆಗೆ ಬಂದ ಮೇಲೂ ಹೋಗಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಅದು ರಾಮನಗರದ ಸುತ್ತ ರೇಷ್ಮೆ ತುದಿಗೇರಿದ್ದ ಕಾಲ. ರಾಗಿ ಬೆಳೆಯುತ್ತಿದ್ದ ಹೊಲಗಳಲ್ಲಿ ಹಿಪ್ಪುನೇರಳೆ ನಿಂತಿತ್ತು. ಎಲ್ಲರ ತೋಟದಲ್ಲೂ ಕರೆಂಟು ಇದ್ದಷ್ಟು ಹೊತ್ತು ಮೋಟಾರು ಓಡುತ್ತಿತ್ತು. ಕುರಿ ಸಾಕುತ್ತಿದ್ದವರು ಕುರಿ ಕಡಿಮೆ ಮಾಡಿ ಹುಳು ಸಾಕಲು ಶುರುಮಾಡಿದ್ದರು. ನಾನು ಆ ಊರಿನ ಉಪಕೇಂದ್ರದ ನರ್ಸು. ಹೆರಿಗೆ ಮಾಡಿಸುವುದು, ಮಕ್ಕಳಿಗೆ ಚುಚ್ಚುಮದ್ದು ಹಾಕುವುದು, ಮಾತ್ರೆ ಕೊಡುವುದು ನನ್ನ ಕೆಲಸ. ನನ್ನ ಯಜಮಾನರು ಚನ್ನಪಟ್ಟಣದಲ್ಲಿ ಮೇಷ್ಟ್ರು, ಭಾನುವಾರಕ್ಕೆ ಬರುತ್ತಿದ್ದರು. ಉಳಿದ ಆರು ದಿನ ನನಗೆ ಆ ಬೀದಿಯ ಹೆಂಗಸರೇ ದಿಕ್ಕು. ಅವರಿಗೆ ನನ್ನ ಹೆಸರು ಬೇಕಿರಲಿಲ್ಲ. ಎಲ್ಲರಿಗೂ ನಾನು ನರ್ಸಮ್ಮ.

ಆ ಊರಿಗೆ ನಾನು ಎರಡು ಸಲ ಹೋದೆ. ಮೊದಲ ಸಲ ಹೋದಾಗ ಇಪ್ಪತ್ತೆರಡರ ಹುಡುಗಿ, ತರಬೇತಿ ಮುಗಿಸಿ ನೇರವಾಗಿ ಬಂದವಳು. ಆ ವರ್ಷವೇ ಸಾಕಮ್ಮನಿಗೆ ಮೂರನೇ ಹೆರಿಗೆ ಮಾಡಿಸಿದೆ. ಮೂರನೆಯದೂ ಹೆಣ್ಣು. ಒರೆಸಿ ಬಟ್ಟೆಯಲ್ಲಿ ಸುತ್ತುವಾಗ ಮಗುವಿನ ಎಡಗಿವಿಯ ಕೆಳಗೆ, ದವಡೆಯ ಮೂಲೆಯಲ್ಲಿ, ಹೆಬ್ಬೆಟ್ಟಿನಷ್ಟು ಅಗಲದ ತೆಳು ಗುಲಾಬಿ ಮಚ್ಚೆ ಕಂಡಿತು. ಮುಟ್ಟಿದರೆ ಏನೂ ಇಲ್ಲ, ಚರ್ಮದ ಬಣ್ಣ ಮಾತ್ರ ಬೇರೆ. ಸಾಕಮ್ಮನ ಅತ್ತೆ ಮಗುವನ್ನು ಬೆಳಕಿಗೆ ಹಿಡಿದು ನೋಡಿದವಳೇ, "ಗ್ರಾಣದಲ್ಲಿ ಆಚೆ ಹೋಗ್ಬ್ಯಾಡ ಅಂತ ಬಡ್ಕೊಂಡೆ, ಕೇಳುದ್ಲಾ?" ಎಂದು ಸೊಸೆಯ ಕಡೆ ತಿರುಗಿದಳು. ಗ್ರಹಣದ ಹೊತ್ತಿನಲ್ಲಿ ಬಸುರಿ ಹೊರಗೆ ಹೋದರೆ ಮಗುವಿಗೆ ಮಚ್ಚೆ ಬರುತ್ತದೆ ಎನ್ನುವುದು ಅಲ್ಲಿನವರ ನಂಬಿಕೆ. ಸಾಕಮ್ಮ ನನ್ನ ಮುಖ ನೋಡಿದಳು. ತರಬೇತಿಯ ಆಸ್ಪತ್ರೆಯಲ್ಲಿ ಇಂಥದ್ದೇ ಕೆಂಪು ಗುರುತಿದ್ದ ಕೂಸನ್ನು ತಾಯಿ ತಂದಾಗ ನಮ್ಮ ಹಿರಿಯ ಸಿಸ್ಟರು, "ಏನಿಲ್ಲಮ್ಮ, ಐದು ವರ್ಷದೊಳಗೆ ತಾನಾಗೇ ಹೋಗುತ್ತೆ" ಅಂದಿದ್ದನ್ನು ಕೇಳಿದ್ದೆ. ನಾನೂ ಅದನ್ನೇ ಗಟ್ಟಿಯಾಗಿ ಹೇಳಿದೆ. "ಇದು ಹೋಗುತ್ತೆ ಅಜ್ಜಿ. ಐದು ವರ್ಷದೊಳಗೆ ಹುಡುಕಿದರೂ ಸಿಗಲ್ಲ."

ಅದೇ ವರ್ಷ ಪಕ್ಕದ ಬೀದಿಯ ಇನ್ನೊಂದು ಮಗುವಿನ ಹಣೆಯ ಮೇಲೆ ಹುಟ್ಟಿದ ಮೂರನೇ ವಾರಕ್ಕೆ ಚುಕ್ಕೆಯೊಂದು ಎದ್ದು, ಆರು ತಿಂಗಳಲ್ಲಿ ಹಿಪ್ಪುನೇರಳೆ ಹಣ್ಣಿನ ಹಾಗೆ ಕೆಂಪಗೆ ಉಬ್ಬಿಕೊಂಡಿತು. ಆ ತಾಯಿಗೂ ಅದೇ ಮಾತು ಹೇಳಿದೆ. ಆ ಮಗುವಿಗೆ ನಾಲ್ಕು ತುಂಬುವಷ್ಟರಲ್ಲಿ ಹಣ್ಣು ಬಾಡಿ, ಬೂದುಬಣ್ಣಕ್ಕೆ ತಿರುಗಿ, ಚಪ್ಪಟೆಯಾಗಿ ಹೋಯಿತು. ಊರಲ್ಲಿ ನನ್ನ ಮಾತಿಗೆ ತೂಕ ಬಂತು. ಸಾಕಮ್ಮನ ಮಗು ರತ್ನಳ ಮಚ್ಚೆ ಮಾತ್ರ ಹಾಗೇ ಇತ್ತು. ಬೆಳೆಯಲೂ ಇಲ್ಲ, ಮಾಸಲೂ ಇಲ್ಲ. "ಐದು ತುಂಬಲಿ ತಾಳು" ಎಂದು ಸಾಕಮ್ಮನಿಗೆ ಹೇಳಿ ನಾನು ಕನಕಪುರದ ಕಡೆ, ದೊಡ್ಡಆಲಹಳ್ಳಿಗೆ ವರ್ಗವಾಗಿ ಹೋದೆ. ಎಂಟು ವರ್ಷ ಅಲ್ಲಿದ್ದೆ. ರತ್ನಳ ನೆನಪು ಒಂದು ದಿನವೂ ಬರಲಿಲ್ಲ ಎಂದರೆ ಅದು ನಿಜ.

ಎರಡನೇ ಸಲ ಆ ಊರಿಗೆ ಬಂದದ್ದು ಮುಂಗಾರಿನ ಶುರುವಿನಲ್ಲಿ. ಸಾಕಮ್ಮನ ಅತ್ತೆ ತೀರಿಕೊಂಡಿದ್ದಳು. ಮೊದಲ ಮಗಳು ಮಾಗಡಿಯ ಕಡೆ ಮದುವೆಯಾಗಿ ಹೋಗಿದ್ದಳು. ಎರಡನೆಯವಳು ಹುಳುಮನೆ ನೋಡಿಕೊಳ್ಳುತ್ತಿದ್ದಳು. ಟ್ರಂಕು ಇಳಿಸುತ್ತಿದ್ದ ಹಾಗೇ ಸಾಕಮ್ಮ ಓಡಿಬಂದು ಎರಡೂ ಕೈ ಹಿಡಿದುಕೊಂಡಳು. ಅವಳ ಹಿಂದೆ ತಲೆಗೆ ಟವೆಲು ಸುತ್ತಿಕೊಂಡು, ಅದರ ಅಂಚನ್ನು ಎಡಗೆನ್ನೆಗೆ ಎಳೆದುಕೊಂಡು, ಹನ್ನೆರಡರ ಹುಡುಗಿ ನಿಂತಿದ್ದಳು.

"ಇವ್ಳೇ ಕಣ್ ನರ್ಸಮ್ಮ ನಿಮ್ಮ ರತ್ನ. ಟವೆಲ್ ತಗಿಯೇ, ತೋರ್ಸು. ನಮ್ಮ ನರ್ಸಮ್ಮನೇ."

ಹುಡುಗಿ ಟವೆಲು ಸರಿಸಿದಳು. ಕಿವಿಯ ಕೆಳಗೆ ಕೋಳಿಮೊಟ್ಟೆಯಷ್ಟು ಮೆತ್ತನೆಯ ಬಾವು. ಮೇಲಿನ ಚರ್ಮ ನೇರಳೆಗಪ್ಪಾಗಿ ಮಿರುಗುತ್ತಿತ್ತು. ಕಿವಿಯ ತುದಿ ಊದಿ ಕೆಳಗೆ ಜೋತಿತ್ತು.

"ಎಷ್ಟು ದಿನದಿಂದ ಹೀಗಾಯ್ತು?"

"ಹೋದ್ ಸಾರಿ ದೀಪಾವಳಿಯಿಂದ ಎದ್ಕಂತು. ಮೂರು ತಿಂಗಳಿಂದ ಈಚ್ಗೆ ಮೈನೆರೆದ್ಲು ನೋಡಿ, ಆಮ್ಯಾಕೆ ಇನ್ನೂ ಜೋರು." ಸಾಕಮ್ಮನ ದನಿಯಲ್ಲಿ ದೂರು ಇರಲಿಲ್ಲ. "ನೀವೇ ಹೇಳಿದ್ರಲ್ಲ, ತಾನೇ ಹೋಯ್ತದೆ ಅಂತ. ಅವ್ರು ಇವ್ರು ಬರೆ ಹಾಕ್ಸು, ನಾಟಿ ಔಸ್ತಿ ಕೊಡ್ಸು ಅಂದ್ರು. ನಾನು ಬುಡ್ನಿಲ್ಲ. ನರ್ಸಮ್ಮ ಹೇಳವ್ರೆ, ಕಾಯ್ತೀನಿ ಅಂದೆ. ಒಸಿ ತಡ ಆಯ್ತು ಅಷ್ಟೆ, ಅಲ್ವಾ?"

ಹನ್ನೆರಡು ವರ್ಷ ಅವಳು ನನ್ನ ಒಂದು ಮಾತು ಹಿಡಿದುಕೊಂಡು ಕಾದಿದ್ದಳು. ನಾನು ಬಾವಿನ ಮೇಲೆ ಬೆರಳಿಟ್ಟೆ. ಮೈಗಿಂತ ಅಲ್ಲಿ ಬಿಸಿ ಹೆಚ್ಚು. ಬೆರಳ ಕೆಳಗೆ ಏನೋ ಅದುರಿತು. ನಾಡಿ ಬಡಿಯುವ ಹಾಗಿದ್ದರೂ ನಾಡಿಗಿಂತ ಒರಟು. ಕೈ ತೆಗೆದುಬಿಟ್ಟೆ.

ಆ ದಿನ ಏನೋ ನೆಪ ಹೇಳಿ ಕಳಿಸಿದೆ. ಮಾರನೇ ದಿನ ರತ್ನ ಸೊಪ್ಪು ಇಳಿಸಿ ಒಬ್ಬಳೇ ಕೂತಿದ್ದಾಗ ನನ್ನ ಕೋಣೆಗೆ ಕರೆದೆ. ಸ್ಟೆತಾಸ್ಕೋಪು ನನ್ನ ಹತ್ತಿರ ಇರಲಿಲ್ಲ. ಬಸುರಿಯರ ಹೊಟ್ಟೆಗಿಟ್ಟು ಮಗುವಿನ ಎದೆಬಡಿತ ಕೇಳುವ ಕೊಳವೆ ಇತ್ತು, ಫೀಟೋಸ್ಕೋಪು. ಅದನ್ನು ತೆಗೆದಾಗ ಹುಡುಗಿ ನಾಚಿ ನಕ್ಕಳು.

"ಅದು ಬಸುರಿ ಹೊಟ್ಟೆಗಿಡಾದಲ್ವಾ ನರ್ಸಮ್ಮ?"

"ಇರಲಿ ಬಾ."

ಕೊಳವೆಯ ಅಗಲದ ಬಾಯಿಯನ್ನು ಬಾವಿನ ಮೇಲಿಟ್ಟು, ಇನ್ನೊಂದು ತುದಿಗೆ ಕಿವಿ ಕೊಟ್ಟೆ. ಅಷ್ಟು ವರ್ಷ ಆ ಕೊಳವೆಯಲ್ಲಿ ನೂರಾರು ಸಲ ಟಿಕ್ ಟಿಕ್ ಎನ್ನುವ ಸಣ್ಣ ಬಡಿತ ಕೇಳಿದ್ದೆ. ಇಲ್ಲಿ ಕೇಳಿಸಿದ್ದು ನೀರು ನುಗ್ಗುವ ಸದ್ದು. ಮೋಟಾರು ಹಾಕಿದಾಗ ಪೈಪಿನಲ್ಲಿ ನೀರು ದಬದಬನೆ ಬರುತ್ತದಲ್ಲ, ಹಾಗೆ. ಒಂದೊಂದು ಬಡಿತಕ್ಕೂ ಒಂದೊಂದು ನುಗ್ಗು, ನಡುವೆಯೂ ನಿಲ್ಲದ ಹರಿವು.

"ನಿನಗೆ ಇದು ಕೇಳಿಸುತ್ತಾ ರತ್ನ?"

"ಆ ಸದ್ದಾ? ಯಾವಾಗ್ಲೂ ಕೇಳ್ತದೆ. ಆ ಮಗ್ಗುಲಿಗೆ ಮಲ್ಕಂಡ್ರೆ ಮೋಟ್ರು ಓಡ್ದಂಗೆ ಆಯ್ತದೆ." ನನ್ನ ಮುಖ ನೋಡಿ ಅವಳ ನಗು ಇಳಿಯಿತು. "ಯಾಕೆ, ಎಲ್ರಿಗೂ ಕೇಳಾಕಿಲ್ವಾ?"

ಎರಡು ದಿನ ಬಿಟ್ಟು ಪ್ರಾಥಮಿಕ ಆರೋಗ್ಯ ಕೇಂದ್ರದ ಉಷಾ ಡಾಕ್ಟರು ನಮ್ಮ ಊರಿಗೆ ಬರುವ ಸರದಿ. ನನಗಿಂತ ಚಿಕ್ಕವರು, ಮೈಸೂರಿನಲ್ಲಿ ಓದಿ ಬಂದವರು. ರತ್ನಳನ್ನು ತೋರಿಸಿದೆ. ಸ್ಟೆತಾಸ್ಕೋಪಿಟ್ಟು ತುಂಬ ಹೊತ್ತು ಕೇಳಿದರು. ಹುಡುಗಿಯನ್ನು ಹೊರಗೆ ಕಳಿಸಿ ನನ್ನನ್ನು ಕೂರಿಸಿಕೊಂಡರು.

"ಹುಟ್ಟಿದ ದಿನವೇ ಇತ್ತಾ ಮಚ್ಚೆ, ಆಮೇಲೆ ಬಂತಾ?"

ನಾನು ಹಳೇ ಹೆರಿಗೆ ರಿಜಿಸ್ಟರು ತೆಗೆದೆ. ನನ್ನದೇ ದುಂಡು ಅಕ್ಷರ. ಹೆಣ್ಣು ಮಗು, ಎಡಗಿವಿ ಕೆಳಗೆ ಕೆಂಪು ಮಚ್ಚೆ. ಹಣೆಯ ಮೇಲೆ ಹಣ್ಣಿನಂಥದ್ದು ಎದ್ದು ಮಾಯವಾದ ಆ ಇನ್ನೊಂದು ಮಗುವಿನ ಕತೆಯನ್ನೂ ಹೇಳಿದೆ.

"ಅದು ಮೂರನೇ ವಾರಕ್ಕೆ ಬಂತು ಅಂದ್ರಿ. ಅದೇ ವ್ಯತ್ಯಾಸ ಸಿಸ್ಟರ್. ಹುಟ್ಟಿದ ಮೇಲೆ ಕಾಣಿಸಿಕೊಂಡು, ಸರಸರ ಬೆಳೆದು, ತಾನೇ ಬಾಡೋದು ಒಂದು ಜಾತಿ. ಅದು ಗಂಟು, ಅದಕ್ಕೆ ಆಯಸ್ಸಿದೆ. ಇದು ಗಂಟಲ್ಲ. ತಾಯಿ ಹೊಟ್ಟೆಯಲ್ಲಿ ರಕ್ತನಾಳ ಜೋಡಣೆ ಆಗುವಾಗಲೇ ತಪ್ಪಾಗಿರೋದು. ಮಗು ಬೆಳೆದ ಹಾಗೆ ಬೆಳೆಯುತ್ತೆ. ಯಾವತ್ತೂ ತಾನಾಗಿ ಹೋಗಲ್ಲ. ಮೈನೆರೆದಾಗ, ಬಸುರಿಯಾದಾಗ ಜೋರಾಗುತ್ತೆ." ಅವರು ನನ್ನ ರಿಜಿಸ್ಟರಿನ ಹಿಂದೆಯೇ ಪೆನ್ಸಿಲಿನಲ್ಲಿ ಗೀಚಿ ತೋರಿಸಿದರು. ಹೃದಯದಿಂದ ಒತ್ತಡದಲ್ಲಿ ಬರುವ ರಕ್ತ ಸಣ್ಣ ಸಣ್ಣ ಕವಲುಗಳಲ್ಲಿ ಹಂಚಿಹೋಗಿ, ನಿಧಾನವಾಗಿ, ವಾಪಸು ಹೋಗುವ ನಾಳ ಸೇರಬೇಕು. ರತ್ನಳಿಗೆ ನಡುವಿನ ಕವಲುಗಳೇ ಇಲ್ಲ. ಜೋರಿನ ನಾಳವೂ ಮೆತ್ತನೆಯ ನಾಳವೂ ನೇರ ಕೂಡಿಕೊಂಡಿವೆ.

"ಚಾಕು ಮುಟ್ಟಿಸೋಕೆ ಯಾರಿಗೂ ಬಿಡಬೇಡಿ" ಎಂದರು ಡಾಕ್ಟರು. "ಬರುವ ನಾಳವನ್ನ ಕಟ್ಟಿಬಿಟ್ಟರೆ ಸುತ್ತಮುತ್ತಲಿಂದ ಇನ್ನೂ ಹತ್ತು ಹುಟ್ಟಿಕೊಳ್ಳುತ್ತೆ. ಗೊತ್ತಿಲ್ಲದವರು ಕೊಯ್ದರೆ ಮೇಜಿನ ಮೇಲೇ ಹುಡುಗಿ ಹೋಗ್ತಾಳೆ. ಬೆಂಗಳೂರಲ್ಲಿ ಇದನ್ನ ಮಾಡೋರಿದ್ದಾರೆ. ಕಾಗದ ಬರೆದುಕೊಡ್ತೀನಿ. ತಂದೆತಾಯಿಗೆ ನೀವೇ ಬಿಡಿಸಿ ಹೇಳಿ, ನಿಮ್ಮ ಮಾತು ಕೇಳ್ತಾರೆ."

ಆ ಕಾಗದವನ್ನು ನಾನು ರಿಜಿಸ್ಟರಿನ ಒಳಗಿಟ್ಟೆ. ಮೂರು ವಾರ ಅದು ಅಲ್ಲೇ ಇತ್ತು.

ಯಾಕೆ ಎಂದು ಆಗ ನನಗೆ ನಾನೇ ಹೇಳಿಕೊಂಡ ಕಾರಣಗಳು ಚೆನ್ನಾಗಿಯೇ ಇದ್ದವು. ಸಾಕಮ್ಮನ ಹುಳು ಆಗತಾನೆ ಎರಡನೇ ಜ್ವರ ಎದ್ದಿದ್ದವು. ಹುಳು ಪೊರೆ ಬಿಡುವುದಕ್ಕೆ ಅಲ್ಲಿ ಜ್ವರ ಎನ್ನುತ್ತಾರೆ. ನಾಲ್ಕು ಜ್ವರ ಎದ್ದು, ಹಣ್ಣಾಗಿ, ಗೂಡು ಕಟ್ಟುವ ತನಕ ಮನೆಯವರು ಊರು ಬಿಡುವ ಹಾಗಿಲ್ಲ. ಬೆಳೆ ಮುಗಿಯಲಿ, ಕೈಯಲ್ಲಿ ಒಂದಿಷ್ಟು ದುಡ್ಡು ಆಡಲಿ, ಆಮೇಲೆ ಹೇಳಿದರಾಯಿತು ಅಂದುಕೊಂಡೆ. ನಿಜವಾದ ಕಾರಣ ಹೆದರಿಕೆ. ಹೇಳಬೇಕಾದರೆ ಮೊದಲು ನಾನು ತಪ್ಪಿದೆ ಎನ್ನಬೇಕಿತ್ತು.

ಆ ಮೂರು ವಾರ ನಾನು ನೆಮ್ಮದಿಯಾಗಿ ಊಟ ಮಾಡಿದ್ದು ನೆನಪಿಲ್ಲ. ಮಳೆ ಹಿಡಿದುಕೊಂಡಿತ್ತು. ಒದ್ದೆ ಸೊಪ್ಪು ಹಾಕಿದರೆ ಹುಳಕ್ಕೆ ರೋಗ ಬರುತ್ತದೆಂದು ಸಾಕಮ್ಮನ ಮನೆಯವರೆಲ್ಲ ಪಡಸಾಲೆಯಲ್ಲಿ ಸೊಪ್ಪು ಹರಡಿ ಒರೆಸಿ ಆರಿಸುತ್ತಿದ್ದರು. ರತ್ನ ತಲೆಯ ಮೇಲೆ ಸೊಪ್ಪಿನ ಹೊರೆ ಹೊತ್ತು ಬರುವಾಗ ಕಡ್ಡಿಯೊಂದು ಅವಳ ಕೆನ್ನೆಗೆ ತಾಗುತ್ತದೇನೋ ಎಂದು ನಾನು ಬಾಗಿಲಲ್ಲೇ ನಿಂತಿರುತ್ತಿದ್ದೆ. ಗೋಡೆಯಾಚೆ ಸೊಪ್ಪು ಕೊಚ್ಚುವ ಸದ್ದು ನಿಂತರೆ ಏನಾಯಿತೋ ಎಂದು ಎದ್ದು ಕೂರುತ್ತಿದ್ದೆ. "ಹೊರೆ ಹೊರಿಸಬೇಡ ಅವಳಿಗೆ" ಎಂದು ಒಂದು ದಿನ ಸಾಕಮ್ಮನಿಗೆ ಹೇಳಿದೆ. "ಮನೇಲಿರಾದೇ ನಾಕು ಜನ, ಇನ್ಯಾರು ಹೊರ್ತಾರೆ ನರ್ಸಮ್ಮ?" ಎಂದು ನಕ್ಕಳು. ಅಲ್ಲಿಯೇ ಹೇಳಬಹುದಿತ್ತು. ಹೇಳಲಿಲ್ಲ.

ಹುಳು ನಾಲ್ಕನೇ ಜ್ವರ ಎದ್ದ ವಾರ ಸಾಕಮ್ಮನ ತಮ್ಮ ಚನ್ನಪಟ್ಟಣದಿಂದ ಬಂದು ಹೋದ. ಅವನು ಹೋದ ಮೇಲೆ ಸಾಕಮ್ಮ ಸಂತೋಷದಿಂದ ನನ್ನ ಕೋಣೆಗೆ ಬಂದಳು. ಹಿಂದೆ ಅವಳ ಗಂಡ ಕರಿಯಣ್ಣ ಬಾಗಿಲಿಗೊರಗಿ ನಿಂತ. ಹತ್ತು ಮಾತಿಗೆ ಒಂದು ಮಾತಾಡುವ ಮನುಷ್ಯ.

"ನಮ್ಮ ತಮ್ಮುಂಗೆ ಒಬ್ರು ಡಾಕ್ಟ್ರು ಗೊತ್ತಂತೆ ನರ್ಸಮ್ಮ. ಅರ್ಧ ಗಂಟೆ ಕೆಲ್ಸ, ಕೊಯ್ದು ತಗ್ದು ಹೊಲಿಗೆ ಹಾಕಿ ಸಂಜಿಕೇ ಮನಿಗೆ ಕಳುಸ್ತರಂತೆ. ಗೂಡು ಬಿಡುಸ್ದೇಟ್ಗೆ ಬೇಸ್ತವಾರ ಬನ್ನಿ ಅಂದವ್ರೆ. ನೀವೂ ಬಂದ್ರೆ ಧೈರ್ಯ."

ರಿಜಿಸ್ಟರಿನಿಂದ ಕಾಗದ ತೆಗೆದು ಮಂಚದ ಮೇಲಿಟ್ಟೆ. ಎಲ್ಲವನ್ನೂ ಹೇಳಿದೆ. ಅಂದು ನಾನು ಹೇಳಿದ್ದು ತಪ್ಪೆಂದು, ಇದು ಹೋಗುವ ಜಾತಿಯದಲ್ಲವೆಂದು, ಡಾಕ್ಟರು ನೋಡಿ ಮೂರು ವಾರವಾಯಿತೆಂದು. ನಾಳಗಳ ವಿಷಯ ಬಿಡಿಸಲು ಹೋಗಿ ತೊದಲಿದೆ. ಕರಿಯಣ್ಣ ಬಾಗಿಲು ಬಿಟ್ಟು ಒಳಗೆ ಬಂದ.

"ಅಂದ್ರೆ, ಮೋಟ್ರ ನೀರು ಮಡಿಗೆ ಹೋಗ್ದೆ ಸೀದಾ ಬಸಿಗಾಲುವೆಗೆ ಹೋಯ್ತಾ ಐತೆ ಅನ್ನಿ."

"ಹಾಗೇ ಕರಿಯಣ್ಣ."

"ಮೇಲ್ಗಡೆ ಒಂದ್ಕಡೆ ಮಣ್ಣು ಹಾಕುದ್ರೆ ನೀರು ಪಕ್ಕದಲ್ಲಿ ಕೊರ್ಕಂಡು ಬತ್ತದೆ. ಸೇರ್ಕಂಡಿರೋ ಜಾಗನೇ ಮುಚ್ಬೇಕು." ಅವನು ಹೆಂಡತಿಯ ಕಡೆ ತಿರುಗಿದ. "ನಿನ್ನ ತಮ್ಮುಂಗೆ ಬ್ಯಾಡ ಅಂತ ಹೇಳ್ಬುಡು. ಗೂಡು ಕಟ್ಟುದ್ ಮ್ಯಾಲೆ ಸ್ವಾಮಾರ ಬೆಂಗ್ಳೂರ್ಗೆ ಹೋಗಾಣ."

ಸಾಕಮ್ಮ ಕಾಗದವನ್ನು ತಿರುಗಿಸಿ ಮುರುಗಿಸಿ ನೋಡಿದಳು, ಅವಳಿಗೆ ಓದು ಬರುತ್ತಿರಲಿಲ್ಲ. ಮಡಿಸಿ ಸೀರೆಯ ಸೆರಗಿಗೆ ಗಂಟು ಹಾಕಿಕೊಂಡು ಎದ್ದು ಹೋದಳು.

ಸೋಮವಾರದ ತನಕ ಕಾಯುವ ಹಾಗಾಗಲಿಲ್ಲ. ಶುಕ್ರವಾರ ಬೆಳಿಗ್ಗೆ ಹುಳು ಹಣ್ಣಾದವು. ಹಣ್ಣಾದ ಹುಳುವಿನ ಮೈ ಹಳದಿಗೆ ತಿರುಗಿ ತಿಳಿಯಾಗುತ್ತದೆ. ಸೊಪ್ಪು ಬಿಟ್ಟು ತಲೆಯೆತ್ತಿ ಗೂಡು ಕಟ್ಟಲು ಜಾಗ ಹುಡುಕುತ್ತದೆ. ಆಗ ಒಂದೊಂದನ್ನೇ ಆರಿಸಿ, ಬಿದಿರ ದಬ್ಬೆಯಲ್ಲಿ ಸುರುಳಿ ಸುರುಳಿಯಾಗಿ ಹೆಣೆದ ಚಂದ್ರಿಕೆಗೆ ಬಿಡಬೇಕು. ತಡವಾದರೆ ತಟ್ಟೆಯಲ್ಲೇ ನೂಲು ಬಿಟ್ಟು ಕೆಡುತ್ತವೆ. ಮನೆಮಂದಿಯೆಲ್ಲ ಅಲ್ಲೇ ಇದ್ದರು. ರತ್ನ ಹಿತ್ತಿಲಿನಿಂದ ಚಂದ್ರಿಕೆಯೊಂದನ್ನು ಹೆಗಲ ಮೇಲೆ ಹೊತ್ತು ಒಳಗೆ ಬರುತ್ತಿದ್ದಳಂತೆ. ಹೊಸಿಲಲ್ಲಿ ಕಾಲು ಜಾರಿತು. ಮುರಿದಿದ್ದ ಬಿದಿರ ಚೂಪು ಬಾವಿಗೆ ಗೀರಿತು.

ನನಗೆ ಗೋಡೆಯಾಚೆಯಿಂದ ಸಾಕಮ್ಮನ ಕೂಗು ಮಾತ್ರ ಕೇಳಿಸಿತು. ಓಡಿದೆ. ಹುಡುಗಿ ನೆಲದ ಮೇಲೆ ಕೂತಿದ್ದಳು. ರಕ್ತ ಸುರಿಯುತ್ತಿರಲಿಲ್ಲ, ಹಾರುತ್ತಿತ್ತು. ಒಂದೊಂದು ಬಡಿತಕ್ಕೂ ಒಂದೊಂದು ಮೊಳ. ಎದುರಿನ ತಟ್ಟೆಯ ಹುಳುಗಳ ಮೇಲೆಲ್ಲ ಕೆಂಪು. ಯಾರೋ ಅರಿಸಿನದ ಪುಡಿ ತಂದರು, ಯಾರೋ ಕಾಫಿಪುಡಿ. ಎಲ್ಲರನ್ನೂ ಬೈದು ಸರಿಸಿ, ಹೆರಿಗೆ ಚೀಲದಿಂದ ಒಗೆದ ಬಟ್ಟೆ ತೆಗೆದು ಮಡಿಸಿ ಒತ್ತಿ ಹಿಡಿದೆ. ಹೆಬ್ಬೆರಳ ಬುಡದಲ್ಲಿ ಇಡೀ ಮೈಭಾರ ಹಾಕಿದೆ. ಒತ್ತಿದ ಮೇಲೆ ತೆಗೆದು ನೋಡಬಾರದು ಎನ್ನುವುದೊಂದೇ ತಲೆಯಲ್ಲಿತ್ತು.

"ನರ್ಸಮ್ಮ, ಸತ್ತೋಯ್ತೀನಾ?" ರತ್ನ ಕೇಳಿದಳು.

"ಸುಮ್ನಿರು, ಮಾತಾಡಬೇಡ" ಎಂದೆ. ಇಲ್ಲ ಎನ್ನಲು ನನಗೆ ಧೈರ್ಯ ಬರಲಿಲ್ಲ.

ಮೇಲಿನ ಬೀದಿಯವರ ಗೂಡಿನ ಟೆಂಪೋ ರಾಮನಗರದ ಮಾರುಕಟ್ಟೆಗೆ ಹೊರಟು ನಿಂತಿತ್ತು. ಕರಿಯಣ್ಣ ಮಗಳನ್ನು ಎತ್ತಿಕೊಂಡು ಹೋಗಿ ಗೂಡಿನ ಮೂಟೆಗಳ ಮೇಲೆ ಮಲಗಿಸಿದ. ನಾನು ಒತ್ತಿದ ಕೈ ತೆಗೆಯದೆ ಪಕ್ಕದಲ್ಲೇ ಹತ್ತಿದೆ. ಹಣ್ಣಾದ ಹುಳುಗಳೆಲ್ಲ ತಟ್ಟೆಯಲ್ಲೇ ಇದ್ದವು. ಸಾಕಮ್ಮ ಅವುಗಳ ಕಡೆ ತಿರುಗಿಯೂ ನೋಡದೆ ನಮ್ಮ ಹಿಂದೆಯೇ ಹತ್ತಿದಳು. ಬೀದಿಯ ಹೆಂಗಸರು ತಮ್ಮ ತಮ್ಮ ಮನೆಯ ಕೆಲಸ ಬಿಟ್ಟು ಒಳಗೆ ನುಗ್ಗಿದ್ದನ್ನು ಟೆಂಪೋ ತಿರುಗುವಾಗ ನೋಡಿದೆ. ಆಮೇಲೆ ತಿಳಿಯಿತು, ರತ್ನಳ ಅಕ್ಕನ ಜೊತೆ ಸೇರಿ ಅವರೇ ಅಷ್ಟೂ ಹುಳು ಆರಿಸಿ ಚಂದ್ರಿಕೆಗೆ ಬಿಟ್ಟಿದ್ದರು.

ಮಳೆಗೆ ರಸ್ತೆ ಕಿತ್ತುಹೋಗಿತ್ತು. ಒಂದೊಂದು ಗುಂಡಿಗೂ ನನ್ನ ಕೈ ಜರುಗುತ್ತಿತ್ತು, ಬೆರಳ ಸಂದಿಯಲ್ಲಿ ಬಿಸಿಯಾಗಿ ಒಸರುತ್ತಿತ್ತು. ತೋಳು ಮರಗಟ್ಟಿ ಒತ್ತುತ್ತಿದ್ದೇನೋ ಇಲ್ಲವೋ ತಿಳಿಯದಾಯಿತು. "ಕರಿಯಣ್ಣ, ನನ್ನ ಕೈ ಮೇಲೆ ನಿನ್ನ ಕೈ ಇಟ್ಟು ಒತ್ತು" ಎಂದೆ. ಅವನ ಒರಟು ಅಂಗೈ ನನ್ನದರ ಮೇಲೆ ಕೂತಿತು. ರಾಮನಗರ ಬರುವ ತನಕ ಮೂವರೂ ಹಾಗೇ ಇದ್ದೆವು. ಸಾಕಮ್ಮ ಮಗಳ ಪಾದ ಹಿಡಿದುಕೊಂಡು, ತಣ್ಣಗಾಗುತ್ತಿದೆಯೇ ಎಂದು ಮತ್ತೆ ಮತ್ತೆ ಮುಟ್ಟಿ ನೋಡುತ್ತಿದ್ದಳು.

ಅಲ್ಲಿನ ಆಸ್ಪತ್ರೆಯ ಡ್ಯೂಟಿ ಡಾಕ್ಟರು ಸೂಜಿದಾರ ತರಿಸಿದ್ದರು. ಸಾಕಮ್ಮ ಸೆರಗಿನ ಗಂಟು ಬಿಚ್ಚಿ ಕಾಗದ ಮುಂದೆ ಹಿಡಿದಳು. ಅವರು ಓದಿ, ಬಾವಿನ ಪಕ್ಕ ಬೆರಳಿಟ್ಟು ನೋಡಿ, ಸೂಜಿ ಕೆಳಗಿಟ್ಟರು. "ಒಳ್ಳೇದಾಯ್ತು ತೋರಿಸಿದ್ದು" ಎಂದವರೇ ಬಿಗಿಯಾಗಿ ಪಟ್ಟಿ ಸುತ್ತಿ, ಡ್ರಿಪ್ಪು ಹಾಕಿಸಿ, ಆಂಬುಲೆನ್ಸಿನಲ್ಲಿ ಬೆಂಗಳೂರಿಗೆ ಕಳಿಸಿದರು.

ಬೆಂಗಳೂರಿನ ಆಸ್ಪತ್ರೆಯಲ್ಲಿ ಮೂರು ದಿನ ಬಿಟ್ಟು ತೊಡೆಯ ಸಂದಿನ ನಾಳದಿಂದ ಕೂದಲಿನಷ್ಟು ಸಣ್ಣ ಕೊಳವೆ ತೂರಿಸಿ, ಕತ್ತಿನ ತನಕ ತಂದು, ಬಣ್ಣ ಬಿಟ್ಟು ಫಿಲಂ ತೆಗೆದರು. ದೊಡ್ಡ ಡಾಕ್ಟರು ಅದನ್ನು ದೀಪಕ್ಕೆ ಹಿಡಿದು ನಮಗೆ ತೋರಿಸಿದರು. ಬೇರು ಸಮೇತ ಕಿತ್ತ ಗಿಡದ ಹಾಗೆ ಕಾಣುತ್ತಿತ್ತು. ಅದೇ ಕೊಳವೆಯಲ್ಲಿ ಸಣ್ಣ ಕಾಳುಗಳಂಥ ವಸ್ತು ಬಿಟ್ಟು ಆ ಬೇರಿನ ಬುಡವನ್ನು ಒಳಗಿನಿಂದಲೇ ಮುಚ್ಚುತ್ತೇವೆ, ಹೊಸ ದಾರಿ ಹುಟ್ಟುವ ಮುಂಚೆ, ಎರಡು ದಿನದೊಳಗೆ ಕೊಯ್ದು ತೆಗೆಯುತ್ತೇವೆ ಎಂದರು. ಮುಖದ ನರ ಅದರೊಳಗೇ ಹಾದುಹೋಗಿದೆ. ಕಣ್ಣು ಮುಚ್ಚಲು ಬರದೆ ಹೋಗಬಹುದು, ಬಾಯಿ ಓರೆಯಾಗಬಹುದು. ಕಾಳೊಂದು ದಾರಿ ತಪ್ಪಿ ಮಿದುಳಿಗೆ ಹೋದರೆ ಕೈಕಾಲು ಬೀಳಬಹುದು. ರಕ್ತ ನಿಲ್ಲದೆ ಜೀವವೇ ಹೋಗಬಹುದು. ಎಲ್ಲವನ್ನೂ ಹೇಳಿ ಒಪ್ಪಿಗೆಯ ಕಾಗದ ಮುಂದಿಟ್ಟರು.

ಸಾಕಮ್ಮ ನನ್ನ ಕಡೆ ತಿರುಗಿದಳು. ನನ್ನ ಕೋಣೆಯಲ್ಲಿ ನಾನು ತಪ್ಪು ಒಪ್ಪಿಕೊಂಡಾಗಿನಿಂದ ಅವಳು ನೇರವಾಗಿ ನನ್ನನ್ನು ನೋಡಿದ್ದು ಅದೇ ಮೊದಲು.

"ಏನ್ ಮಾಡಾಣ ನರ್ಸಮ್ಮ?"

"ನನಗೆ ಗೊತ್ತಿಲ್ಲ ಸಾಕಮ್ಮ" ಎಂದೆ.

ಅವಳು ಡಾಕ್ಟರನ್ನು ಕೇಳಿದಳು. "ಮಾಡ್ಸ್ದೆ ಹಂಗೇ ಬುಟ್ರೆ?"

"ಇನ್ನೊಂದು ಸಲ ಒಡೆಯುತ್ತಮ್ಮ. ಆಗ ಒತ್ತಿ ಹಿಡಿಯೋರು ಪಕ್ಕದಲ್ಲಿ ಇರ್ತಾರೋ ಇಲ್ವೋ."

ಕರಿಯಣ್ಣ ಹೆಬ್ಬೆಟ್ಟು ಒತ್ತಿದ. ಸಾಕಮ್ಮ, "ನಂದೂ ತಗಳಿ" ಎಂದು ಕೈ ಮುಂದೆ ಮಾಡಿದಳು.

ರಕ್ತ ಬೇಕಿತ್ತು. ಸುದ್ದಿ ಊರಿಗೆ ಹೋಯಿತು. ಗೂಡು ಮಾರಲು ಬಂದವರು ರಾಮನಗರದಿಂದಲೇ ಬಸ್ಸು ಹತ್ತಿ ಬಂದರು. ಸೂಜಿ ಕಂಡರೆ ಓಡಿಹೋಗುತ್ತಿದ್ದ ಗಂಡಸರು ಸಾಲಾಗಿ ಕೂತಿದ್ದರು. "ಲೇ, ಕುರಿ ಕುಯ್ಯುವಾಗ ಹೆದರ್ದೆ ಇರೋನು ಇದ್ಕೆ ಬೆವರ್ತೀಯಲ್ಲ ಕಣ್ಲಾ" ಎಂದು ಒಬ್ಬರನ್ನೊಬ್ಬರು ಛೇಡಿಸುತ್ತಿದ್ದರು. ನಾನೂ ಕೊಟ್ಟೆ.

ಮೊದಲ ದಿನ ಕಾಳು ಬಿಟ್ಟು ಮುಚ್ಚುವ ಕೆಲಸ ಸುಸೂತ್ರವಾಯಿತು. ಕೊಯ್ಯುವ ದಿನ ಬೆಳಿಗ್ಗೆ ಎಂಟಕ್ಕೆ ಒಳಗೆ ಕರೆದುಕೊಂಡು ಹೋದರು. ಮಧ್ಯಾಹ್ನ ಎರಡಾದರೂ ಬಾಗಿಲು ತೆರೆಯಲಿಲ್ಲ. ನಡುವೆ ಒಮ್ಮೆ ಒಬ್ಬ ನರ್ಸು ಹೊರಬಂದು ಇನ್ನೆರಡು ಬಾಟಲಿ ರಕ್ತ ತೆಗೆದುಕೊಂಡು ಓಡಿದಳು. ನನ್ನ ಕೆಲಸದವಳೇ ಅವಳು, ಮುಖ ನೋಡಿ ತಿಳಿದುಕೊಳ್ಳೋಣ ಎಂದರೆ ಮುಖ ಕೊಡಲಿಲ್ಲ. ಎಷ್ಟೋ ಮನೆಗಳಲ್ಲಿ ಹೆರಿಗೆಯ ಕೋಣೆಯಿಂದ ನಾನೂ ಹೀಗೆ ಮುಖ ಕೊಡದೆ ಹೊರಬಂದು ಬಿಸಿನೀರು ಹಿಡಿದು ಒಳಗೆ ಹೋಗಿದ್ದೆ. ಹೊರಗೆ ಕೂತವರಿಗೆ ಅದು ಏನಾಗಿರುತ್ತದೆ ಎಂದು ಅವತ್ತು ಗೊತ್ತಾಯಿತು. ಕರಿಯಣ್ಣ ಮೆಟ್ಟಿಲ ಮೇಲೆ ಕೂತು ನೆಲ ನೋಡುತ್ತಿದ್ದ. ಸಾಕಮ್ಮ ಗೋಡೆಗೆ ಬೆನ್ನು ಕೊಟ್ಟು, ಕಣ್ಣು ಮುಚ್ಚದೆ, ನಿಂತೇ ಇದ್ದಳು. ಮೂರೂವರೆಗೆ ಡಾಕ್ಟರು ಬಂದು, "ಜೀವಕ್ಕೇನೂ ಭಯ ಇಲ್ಲ" ಎಂದಾಗ ಅವಳು ಅಲ್ಲೇ ಕುಸಿದು ಕೂತಳು.

ಮಾರನೇ ದಿನ ವಾರ್ಡಿನಲ್ಲಿ ರತ್ನ ಕಣ್ಣು ಬಿಟ್ಟು ತುಂಬ ಹೊತ್ತು ಸೂರು ನೋಡಿದಳು. ತಲೆಗೆಲ್ಲ ಬಟ್ಟೆ ಸುತ್ತಿತ್ತು.

"ಅವ್ವಾ" ಎಂದಳು ಮೆಲ್ಲಗೆ. "ಮೋಟ್ರು ನಿಂತೋಗದೆ."

ಸಾಕಮ್ಮನಿಗೆ ಅರ್ಥವಾಗಲಿಲ್ಲ. ನನಗಾಯಿತು. ಆ ನಿಶ್ಶಬ್ದಕ್ಕೆ ಹುಡುಗಿ ಹೆದರಿದ್ದಳು. ವಾರ ಪೂರ್ತಿ ಸರಿಯಾಗಿ ನಿದ್ದೆ ಮಾಡಲಿಲ್ಲ, ಏನೋ ಕಳೆದುಹೋಗಿದೆ ಅನ್ನುತ್ತಿದ್ದಳು. ಪಟ್ಟಿ ಬಿಚ್ಚಿದಾಗ ಕಿವಿಯ ತುದಿ ಇರಲಿಲ್ಲ. ದವಡೆಯ ಗುಂಟ ಉದ್ದನೆಯ ಹೊಲಿಗೆ. ಎಡಗಣ್ಣು ಮುಚ್ಚುತ್ತಿತ್ತು. ನಕ್ಕರೆ ತುಟಿಯ ಎಡತುದಿ ಮೇಲೇಳುತ್ತಿರಲಿಲ್ಲ. ಕನ್ನಡಿ ಕೇಳಿದಳು, ನೋಡಿಕೊಂಡಳು, ಟವೆಲು ಬೇಕು ಎಂದಳು. ಸಾಕಮ್ಮ ಕೊಡಲಿಲ್ಲ.

ಊರಿಗೆ ಬಂದ ಮೇಲೆ ಸಾಕಮ್ಮ ನನ್ನೊಡನೆ ಬೇಕಾದಷ್ಟು ಮಾತು ಮಾತ್ರ ಆಡುತ್ತಿದ್ದಳು. ಜಗಳವಿಲ್ಲ, ಕೋಪವಿಲ್ಲ. ಮೊದಲಿನ ಹಾಗೆ ಹೊತ್ತುಗೊತ್ತಿಲ್ಲದೆ ಬಂದು ಹೊಸಿಲ ಮೇಲೆ ಕೂರುತ್ತಿರಲಿಲ್ಲ, ಅಷ್ಟೆ. ಆ ಊರಿನ ಹುಳುಮನೆಗಳಲ್ಲಿ ಮತ್ತೆರಡು ಬೆಳೆ ಆದವು. ಮಳೆ ಹೋಗಿ ಚಳಿ ಬಂತು.

ಸಂಕ್ರಾಂತಿ ಕಳೆದ ಮೇಲೆ ಮತ್ತೆ ತೋರಿಸಲು ಬರಹೇಳಿದ್ದರು. ಕರಿಯಣ್ಣ ತೋಟ ಬಿಟ್ಟು ಬರುವ ಹಾಗಿರಲಿಲ್ಲ. ಸಾಕಮ್ಮ ತಾನಾಗೇ ಬಂದು, "ನೀವು ಬತ್ತೀರಾ?" ಎಂದು ಕೇಳಿದಳು. ಮೂವರೂ ಹೋದೆವು. ಡಾಕ್ಟರು ಗಾಯದ ಸುತ್ತ ಬೆರಳಾಡಿಸಿ, ಕೇಳಿ, ಹಿಂದಿನ ಅಂಚಿನಲ್ಲಿ ಸ್ವಲ್ಪ ಉಳಿದಿದೆ ಎಂದರು. ಈಗ ಸುಮ್ಮನಿದೆ, ಮುಂದೆ ಏಳಲೂಬಹುದು. ವರ್ಷಕ್ಕೊಮ್ಮೆ ಬರಲೇಬೇಕು, ಮದುವೆಯಾಗಿ ಬಸುರಿಯಾದರೆ ಮೊದಲ ತಿಂಗಳಲ್ಲೇ ಬರಬೇಕು. ಸಾಕಮ್ಮ ಒಂದೊಂದು ಮಾತನ್ನೂ ತಿರುಗಿ ಕೇಳಿ, ಬಾಯಿಪಾಠ ಮಾಡಿಕೊಂಡಳು.

ವಾಪಸು ಬರುವ ಬಸ್ಸಿನಲ್ಲಿ ರತ್ನ ಕಿಟಕಿಯ ಪಕ್ಕ ಕೂತು ತಲೆಯಾನಿಸಿ ನಿದ್ದೆಹೋದಳು, ಎಡ ಮಗ್ಗುಲಿಗೇ. ಬಿಡದಿ ದಾಟಿದ ಮೇಲೆ ಸಾಕಮ್ಮ ಮಾತೆತ್ತಿದಳು.

"ಇವ್ಳು ಹುಟ್ಟುದ್ ದಿನ ನಮ್ಮತ್ತೆ ಏನಂದ್ಲು ಗೊತ್ತಾ ನರ್ಸಮ್ಮ, ನೀವು ಹೋದ್ ಮ್ಯಾಲೆ? ಮೂರ್ನೇದೂ ಹೆಣ್ಣು, ಅದ್ರಲ್ಲೂ ಮಚ್ಚೆ. ಹಾಲು ಕೊಡ್ಬ್ಯಾಡ ಅಂದ್ಲು. ನಾನು ಅಂದೆ, ನರ್ಸಮ್ಮ ಹೇಳವ್ರೆ ಅದು ಹೋಯ್ತದೆ ಅಂತ. ಅದ್ನೇ ಹಿಡ್ಕಂಡು ಕೂತೆ. ನೀವೇನಾರ ಇದು ಹೋಗಾಕಿಲ್ಲ ಅಂದಿದ್ರೆ ಆವತ್ತು ನನ್ ಕೈಲಿ ಏನೂ ಇರ್ತಿರ್ನಿಲ್ಲ."

ನನ್ನ ಎದೆಯ ಮೇಲಿದ್ದ ಕಲ್ಲು ಸರಿದ ಹಾಗಾಯಿತು. ಏನೋ ಹೇಳಲು ಬಾಯಿ ತೆಗೆದೆ. ಅವಳು ಕೈ ಎತ್ತಿ ತಡೆದಳು.

"ಆ ತಪ್ಪು ತಿಳೀದೆ ಆಗಿದ್ದು. ನಾನು ಅದ್ನ ಮನಸ್ಸಲ್ಲಿ ಇಟ್ಕಂಡಿಲ್ಲ. ಆದ್ರೆ ಡಾಕ್ಟ್ರು ಕಾಗ್ದ ಕೊಟ್ಟು ಮೂರು ವಾರ. ಗೋಡೆ ಪಕ್ದಲ್ಲೇ ಇದ್ರಿ. ದಿನಾ ನನ್ ಮಗಳು ಹೊರೆ ಹೊತ್ಕಂಡು ಬರಾದ್ನ ಬಾಗ್ಲಲ್ಲಿ ನಿಂತ್ಕಂಡು ನೋಡುದ್ರಿ. ತಿಳ್ದೂ ನೋಡುದ್ರಿ." ಅವಳ ದನಿ ಏರಲಿಲ್ಲ. "ಅದು ಮಾತ್ರ ನಂಗೆ ಮರಿಯಾಕೆ ಆಯ್ತಿಲ್ಲ."

ನಾನು ಹೌದು ಎಂದೆ.

ರಾಮನಗರದಲ್ಲಿ ಇಳಿದು ಊರಿನ ಬಸ್ಸಿಗೆ ಕಾಯುವಾಗ ಸಾಕಮ್ಮ ಮೂರು ಕಾಫಿ ತಂದಳು. ಮೊದಲನೇ ಲೋಟ ನನ್ನ ಕೈಗಿಟ್ಟಳು. ಮಗಳದನ್ನು ಊದಿ ಆರಿಸಿ ಕೊಟ್ಟಳು. ರತ್ನ ಕುಡಿಯುವಾಗ ತುಟಿಯ ಎಡತುದಿಯಿಂದ ಒಂದು ಹನಿ ಜಾರಿತು. ಅವಳೇ ಬೆರಳಿನಿಂದ ಒರೆಸಿಕೊಂಡು, ಬಂದ ಬಸ್ಸಿನ ಬೋರ್ಡು ಗಟ್ಟಿಯಾಗಿ ಓದಿ, "ನಮ್ದೇ ಕಣವ್ವ" ಎಂದು ಎಲ್ಲರಿಗಿಂತ ಮುಂದೆ ಓಡಿ ಹತ್ತಿ, ಮೂವರಿಗೂ ಜಾಗ ಹಿಡಿದಳು.